ಗಾಡಿ ಓಡಿಸಿ ನೋಡಿದರೆ ಸಾಲದು, ನಿಲ್ಲಿಸಿ ನೋಡಬೇಕು

ಪಲ್ಸರ್ ಎನ್‌ಎಸ್ 200 ಚಲೋನೋ, ಅಪಾಚೆ ಆರ್‌ಟಿಆರ್ 200 ಚಲೋನೋ? ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಯಾವ ಊರಿನ ಚಹಾದಂಗಡಿಗೆ ಹೋದರೂ ಈ ವಾದ ನಡೆದೇ ಇರುತ್ತದೆ. ದೊಡ್ಡ ಪಟ್ಟಣದ ಸಾಹುಕಾರರು ಎರಡು ಸ್ಪೋರ್ಟ್ಸ್ ಕಾರು ಓಡಿಸಿ ನೋಡಿ ಒಂದನ್ನು ಆರಿಸುತ್ತಾರಂತೆ. ನಮ್ಮ ಹುಡುಗರ ಸ್ಪೋರ್ಟ್ಸ್ ಕಾರು ಅಂದರೆ ಈ 200 ಸಿಸಿ ಬೈಕುಗಳೇ.

ನಮ್ಮ ಕಾಕಾನ ಮಗನೂ ಇದೇ ಪ್ರಶ್ನೆ ಹಿಡಿದು ಕೂತಿದ್ದ. ಐಟಿಐ ಮುಗಿಸಿದ್ದಾನೆ, ಲೈಸೆನ್ಸ್ ಇದೆ. ಇಂಡಿ ಹತ್ತಿರದ ಹೊಲದಲ್ಲಿ ನಿಂಬೆ ಗಿಡ ಇವೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದದ್ದೇ ತಡ, ಅವನ ಆಸೆಗೆ ರೆಕ್ಕೆ ಬಂತು. ಒಂದು ದಿನ ಅವನು, ನಾನು, ನಮ್ಮ ಚಿಗವ್ವ ಮೂವರೂ ವಿಜಯಪುರಕ್ಕೆ ಹೋದೆವು. ಚಿಗವ್ವ ಬಂದದ್ದು ರೊಕ್ಕ ಅವಳ ಸೆರಗಿನಲ್ಲಿತ್ತು ಅಂತ. ಅವಳು ಬಂದದ್ದೇ ಒಳ್ಳೆಯದಾಯಿತು.

ಮೊದಲು ಗಾಡಿಗಳ ಮಾತು. ಎನ್‌ಎಸ್ 200ದು 199.5 ಸಿಸಿ ಎಂಜಿನ್. ಅದನ್ನು ತಣ್ಣಗಿಡಲು ರೇಡಿಯೇಟರ್ ಇದೆ. 24.5 ಪಿಎಸ್ ಶಕ್ತಿ, ಆರು ಗೇರು. ಅಪಾಚೆದು 197.75 ಸಿಸಿ, ಆಯಿಲ್ ಕೂಲಿಂಗ್, 20.8 ಪಿಎಸ್, ಐದು ಗೇರು. ಎರಡಕ್ಕೂ 12 ಲೀಟರ್ ಟಾಕಿ. ತೂಕದಲ್ಲಿ ಅಪಾಚೆ ಐದಾರು ಕಿಲೋ ಹಗುರ. ಕಾಗದದ ಮೇಲೆ ಎನ್‌ಎಸ್ ಮುಂದೆ. ಆದರೆ ಅಪಾಚೆಗೆ ಸ್ಪೋರ್ಟ್, ಅರ್ಬನ್, ರೇನ್ ಅಂತ ಮೂರು ಮೋಡ್ ಇವೆ. ಅರ್ಬನ್ ಮತ್ತು ರೇನ್‌ನಲ್ಲಿ ಅದು ತನ್ನ ಶಕ್ತಿಯನ್ನು 17 ಪಿಎಸ್ ಸುಮಾರಿಗೆ ತಾನೇ ತಗ್ಗಿಸಿಕೊಳ್ಳುತ್ತದೆ.

ಟೆಸ್ಟ್ ರೈಡ್ ಅಂತ ಎರಡೂ ಕಡೆ ಕೊಟ್ಟದ್ದು ತಲಾ ಹತ್ತು ನಿಮಿಷ. ಅದೂ ನಾಲ್ಕು ಪಥದ ಹೆದ್ದಾರಿಯಲ್ಲಿ, ಹಗಲಿನಲ್ಲಿ, ಹಿಂದೆ ಯಾರನ್ನೂ ಕೂಡ್ರಿಸದೆ. ತಮ್ಮ ಎನ್‌ಎಸ್ ಇಳಿದಾಗ ಅವನ ಕಣ್ಣು ಹೊಳೆಯುತ್ತಿದ್ದವು. "ಅಣ್ಣಾ, ಮೂರನೇ ಗೇರಿನ್ಯಾಗ ಗಾಡಿ ಹಾರ್ತೈತಿ. ಇನ್ನ ಅಪಾಚೆ ನೋಡೂದು ಏನೂ ಉಳಿದಿಲ್ಲ" ಅಂದ. ಅವನದು ಸುಳ್ಳಲ್ಲ. ನಾನೂ ಓಡಿಸಿದೆ. ಖಾಲಿ ರಸ್ತೆಯಲ್ಲಿ ಎನ್‌ಎಸ್ ಎಳೆಯುವ ಎಳೆತವೇ ಬೇರೆ.

ಅಷ್ಟರಲ್ಲಿ ಚಿಗವ್ವ, "ನಾನೂ ಒಮ್ಮೆ ಕೂತು ನೋಡ್ತೀನಿ ತಡೀರಿ" ಅಂದಳು. ಶೋರೂಮಿನ ಹುಡುಗ ನಕ್ಕ. ಹಿಂದಿನ ಸೀಟು ಮುಂದಿನದಕ್ಕಿಂತ ಎತ್ತರ, ಅಂಗೈಯಷ್ಟು ಅಗಲ. ಇಳಕಲ್ಲ ಸೀರೆ ಉಟ್ಟ ಹೆಣ್ಣುಮಗಳು ಒಂದು ಬದಿಗೆ ಕಾಲು ಹಾಕಿ ಕೂಡಬೇಕೆಂದರೆ ಕಾಲಿಡಲು ಸರಿಯಾದ ಜಾಗವಿಲ್ಲ. ಅಪಾಚೆಯಲ್ಲೂ ಅದೇ ಕತೆ. ಎರಡೂ ಸೀಟು ಹತ್ತಿ ಇಳಿದ ಚಿಗವ್ವ ಅಂದದ್ದು ಒಂದೇ ಮಾತು: "ತಮ್ಮಾ, ಇದು ಒಬ್ಬನ ಗಾಡಿ ಐತಿ. ನಮ್ಮನ್ಯಾಗ ಐದು ಮಂದಿ ಅದೀವಿ."

ಈ ಮಾತೇ ನನ್ನನ್ನು ಬರೆಯಲು ಕೂಡ್ರಿಸಿತು. ನಾವು ಗಾಡಿ ಆರಿಸುವ ರಸ್ತೆ ಒಂದು, ಓಡಿಸುವ ರಸ್ತೆ ಮತ್ತೊಂದು. ಟೆಸ್ಟ್ ರೈಡ್‌ನಲ್ಲಿ ಗಾಡಿ ಎಷ್ಟು ಓಡುತ್ತದೆ ಅಂತ ನೋಡುತ್ತೇವೆ. ಎಷ್ಟರಲ್ಲಿ ನಿಲ್ಲುತ್ತದೆ, ಎಷ್ಟು ನಿಧಾನ ಹೋಗುತ್ತದೆ, ಯಾರನ್ನು ಹೊರುತ್ತದೆ ಅಂತ ನೋಡುವುದೇ ಇಲ್ಲ.

ನಮ್ಮ ರಸ್ತೆಗಳನ್ನು ನೆನಪು ಮಾಡಿಕೊಳ್ಳಿ. ಇಂಡಿ ಕಡೆ ಕಬ್ಬು ನುರಿಸುವ ಹಂಗಾಮು ಶುರುವಾಯಿತೆಂದರೆ ಮರಗೂರಿನ ದಾರಿಯಲ್ಲಿ ಡಬಲ್ ಟ್ರ್ಯಾಲಿ ಸಾಲು. ಎಷ್ಟೋ ಟ್ರ್ಯಾಲಿಗಳಿಗೆ ಹಿಂದೆ ಕೆಂಪು ದೀಪವೂ ಇಲ್ಲ, ಹೊಳೆಯುವ ಪಟ್ಟಿಯೂ ಇಲ್ಲ. ಸಿಂದಗಿ, ದೇವರ ಹಿಪ್ಪರಗಿ ಕಡೆ ತೊಗರಿ ರಾಶಿ ಬಂದರೆ ಡಾಂಬರು ರಸ್ತೆಯೇ ಕಣ. ಹೊಟ್ಟಿನ ಮೇಲೆ ಬ್ರೇಕ್ ಒತ್ತಿದರೆ ಗಾಲಿ ಜಾರದೆ ಇರುತ್ತದೆಯೇ? ಮುದ್ದೇಬಿಹಾಳದಲ್ಲಿ ಕಾಲುವೆ ಪಕ್ಕದ ಸಣ್ಣ ದಾರಿ, ಎದುರಿಗೆ ಟ್ರ್ಯಾಕ್ಟರ್ ಬಂದರೆ ಮಣ್ಣಿಗೆ ಇಳಿಯಲೇಬೇಕು. ಬಾಗೇವಾಡಿ ಕಡೆಯ ಹಳ್ಳಿ ರಸ್ತೆಯಲ್ಲಿ ಹಂಪ್ಸ್‌ಗೆ ಬಿಳಿ ಬಣ್ಣವೂ ಇರುವುದಿಲ್ಲ. ಮಳೆಗಾಲದಲ್ಲಿ ಟ್ರ್ಯಾಕ್ಟರ್ ಗಾಲಿ ಹೊತ್ತು ತಂದ ಎರಿ ಮಣ್ಣು ಡಾಂಬರಿನ ಮೇಲೆ ಬೆಣ್ಣೆ ಸವರಿದಂತೆ ಕೂತಿರುತ್ತದೆ.

ಈಗ ಒಂದು ಸಣ್ಣ ಲೆಕ್ಕ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತದೆ. ಎದುರಿಗೆ ಏನೋ ಇದೆ ಅಂತ ಕಂಡು ಕೈ ಬ್ರೇಕಿಗೆ ಹೋಗಲು ಒಂದು ಸೆಕೆಂಡು ಬೇಕೇ ಬೇಕು. ಆಮೇಲೆ ಒಣ ರಸ್ತೆ, ಒಳ್ಳೆ ಬ್ರೇಕು ಇದ್ದರೂ ನಿಲ್ಲಲು ಇನ್ನೊಂದು 20 ಮೀಟರ್. ಒಟ್ಟು 37. ಅದೇ 100ರ ವೇಗದಲ್ಲಿ ಆ ಒಂದು ಸೆಕೆಂಡಿಗೇ 28 ಮೀಟರ್, ನಿಲ್ಲಲು ಮತ್ತೆ 55. ಒಟ್ಟು 80 ಮೀಟರ್ ದಾಟಿತು. ವೇಗ ದುಪ್ಪಟ್ಟೂ ಆಗಿಲ್ಲ, ನಿಲ್ಲುವ ದೂರ ದುಪ್ಪಟ್ಟು ಮೀರಿತು. ಕತ್ತಲಲ್ಲಿ, ದೀಪವಿಲ್ಲದ ಟ್ರ್ಯಾಲಿ 80 ಮೀಟರ್ ಮೊದಲೇ ನಿಮಗೆ ಕಾಣುತ್ತದೆಯೇ? ಡಿಮ್ ಲೈಟಿನಲ್ಲಿ ಕಾಣುವುದಿಲ್ಲ.

ಹಾಗಾದರೆ ಸ್ಪೋರ್ಟ್ಸ್ ಬೈಕೇ ಬೇಡವೇ? ಹಾಗೆ ನಾನು ಹೇಳುವುದಿಲ್ಲ. ವಯಸ್ಸಿನ ಹುಡುಗನಿಗೆ ಚಲೋ ಗಾಡಿ ಬೇಕು ಅನ್ನಿಸುವುದು ತಪ್ಪಲ್ಲ. ಹೊಲದಲ್ಲಿ ದುಡಿದವನಿಗೆ ಒಂದು ಖುಷಿ ಬೇಕು. ಇನ್ನೊಂದು ನಿಜ ಸಂಗತಿಯೂ ಇದೆ. 2019ರಿಂದ 125 ಸಿಸಿ ಮೀರಿದ ಹೊಸ ಬೈಕುಗಳಿಗೆ ಎಬಿಎಸ್ ಕಡ್ಡಾಯ. ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ಗಾಲಿ ಲಾಕ್ ಆಗದಂತೆ ಅದು ನೋಡಿಕೊಳ್ಳುತ್ತದೆ. ಮನೆಯ ಹಳೆಯ 100 ಸಿಸಿ ಗಾಡಿಗೆ ಆ ಅನುಕೂಲವಿಲ್ಲ. ಬ್ರೇಕಿನ ಮಟ್ಟಿಗೆ ಈ ಎರಡೂ ಗಾಡಿ ಹಳೆಯದಕ್ಕಿಂತ ಎಷ್ಟೋ ಮೇಲು. ಅಪಾಯ ಇರುವುದು ಆ ಬ್ರೇಕನ್ನು ನಂಬಿ ಹಿಡಿ ತಿರುವುವುದರಲ್ಲಿ.

ನನ್ನ ಮತ ಕೇಳಿದರೆ ಅಪಾಚೆಗೆ. ವಿಜಯಪುರ–ಸೊಲ್ಲಾಪುರ ಹೆದ್ದಾರಿಯಲ್ಲಿ ದಿನಾ ಒಬ್ಬನೇ ಓಡಾಡುವವನಾದರೆ ಎನ್‌ಎಸ್ ತಗೊಳ್ಳಲಿ. ಹಳ್ಳಿಯಿಂದ ತಾಲ್ಲೂಕಿಗೆ, ಮಳೆಯಲ್ಲಿ, ಹಂಪ್ಸ್ ದಾಟಿ ಹೋಗುವವನಿಗೆ ಆ ಹೆಚ್ಚಿನ ಮೂರೂಮುಕ್ಕಾಲು ಪಿಎಸ್ ಉಪಯೋಗಕ್ಕೆ ಬರುವುದು ವರ್ಷಕ್ಕೆ ನಾಲ್ಕು ಸಲ. ರೇನ್ ಮೋಡ್ ಉಪಯೋಗಕ್ಕೆ ಬರುವುದು ಮಳೆ ಬಿದ್ದ ಪ್ರತಿ ದಿನ.

ಇನ್ನು ಹಣದ ಮಾತು. ಉದಾಹರಣೆಗೆ ಕೈಯಿಂದ ಕಟ್ಟಿದ್ದು ಬಿಟ್ಟು 1,40,000 ರೂ. ಸಾಲ, ಶೇ 12 ಬಡ್ಡಿ, ಮೂರು ವರ್ಷ ಅಂದುಕೊಳ್ಳಿ. ತಿಂಗಳ ಕಂತು ಸುಮಾರು 4,650 ರೂ. ಬಡ್ಡಿಯೇ 27 ಸಾವಿರ ದಾಟುತ್ತದೆ. ನಿಂಬೆ ದರ ಬೇಸಿಗೆಯಲ್ಲಿ ಏರುತ್ತದೆ, ಮಳೆಗಾಲದಲ್ಲಿ ಬೀಳುತ್ತದೆ. ಕಂತಿಗೆ ಬೇಸಿಗೆಯೂ ಇಲ್ಲ, ಮಳೆಗಾಲವೂ ಇಲ್ಲ. ಈ ಕಂತು ಹುಡುಗ ಕಟ್ಟುತ್ತಾನೋ ಅವ್ವ ಕಟ್ಟುತ್ತಾಳೋ ಅನ್ನುವುದು ಶೋರೂಮಿಗೆ ಹೋಗುವ ಮೊದಲೇ ತೀರ್ಮಾನ ಆಗಬೇಕು.

ಶೋರೂಮಿನವರು "ಹಳೇ ಗಾಡಿ ಎಕ್ಸ್‌ಚೇಂಜಿಗೆ ಕೊಡ್ರಿ" ಅನ್ನುತ್ತಾರೆ. ಇಲ್ಲೇ ನಾವು ಎಡವುವುದು. ಆ ಹಳೆಯ ಗಾಡಿಯೇ ಚಿಗವ್ವನನ್ನು ದವಾಖಾನೆಗೆ ಒಯ್ಯುವುದು, ನಿಂಬೆ ಚೀಲ ಸಂತೆಗೆ ಒಯ್ಯುವುದು. ಎಕ್ಸ್‌ಚೇಂಜ್ ಅಂದರೆ ಐದು ಮಂದಿಯ ಗಾಡಿ ಕೊಟ್ಟು ಒಬ್ಬನ ಗಾಡಿ ತರುವುದು. ಹೊಸದು ತಂದರೂ ಹಳೆಯದನ್ನು ಇಟ್ಟುಕೊಳ್ಳುವ ಶಕ್ತಿ ಇಲ್ಲದಿದ್ದರೆ ಒಂದು ವರ್ಷ ತಡೆಯುವುದೇ ಜಾಣತನ.

ಟೆಸ್ಟ್ ರೈಡ್‌ಗೆ ಹೋಗುವವರು ಇಷ್ಟು ಮಾಡಿ:

1. ನಿಮ್ಮ ಹಿಂದೆ ಕೂಡುವವರನ್ನು ಕರೆದುಕೊಂಡು ಹೋಗಿ, ಕೂಡ್ರಿಸಿಕೊಂಡೇ ಓಡಿಸಿ ನೋಡಿ. ಹಿಂದಿನವರಿಗೆ ಹಿಡಿಕೆ, ಕಾಲಿಡುವ ಜಾಗ, ಸೀರೆ ಗಾಲಿಗೆ ಸಿಗದಂತೆ ಗಾರ್ಡ್ ಇರಬೇಕು ಅಂತ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮವೇ ಹೇಳುತ್ತದೆ. ಗಾರ್ಡ್ ಇಲ್ಲದಿದ್ದರೆ ಕೇಳಿ ಹಾಕಿಸಿಕೊಳ್ಳಿ.

2. ಹೆದ್ದಾರಿ ಬಿಟ್ಟು ಊರೊಳಗಿನ ಕೆಟ್ಟ ರಸ್ತೆ ಕೇಳಿ. ಎರಡನೇ ಗೇರಿನಲ್ಲಿ ನಿಧಾನ ಹೋಗಿ ನೋಡಿ.

3. ಖಾಲಿ ಜಾಗದಲ್ಲಿ 40ರ ವೇಗದಲ್ಲಿ ಎರಡೂ ಬ್ರೇಕ್ ಹಾಕಿ, ಎಷ್ಟು ಹೆಜ್ಜೆಯಲ್ಲಿ ನಿಂತಿತು ಎಣಿಸಿ.

4. ಐಎಸ್‌ಐ ಗುರುತಿನ ಎರಡು ಹೆಲ್ಮೆಟ್ಟಿನ ರೊಕ್ಕವನ್ನು ಗಾಡಿಯ ಬೆಲೆಯಲ್ಲೇ ಸೇರಿಸಿ.

ತಂದೆ ತಾಯಿಯರಿಗೂ ಒಂದು ಮಾತು. ಹದಿನೆಂಟು ತುಂಬದ ಮಗನ ಕೈಗೆ ಕೀಲಿ ಕೊಟ್ಟು ಅವನೇನಾದರೂ ಮಾಡಿಕೊಂಡರೆ, 2019ರ ತಿದ್ದುಪಡಿ ಕಾಯ್ದೆ ಪ್ರಕಾರ ಪಾಲಕರಿಗೆ ಮೂರು ವರ್ಷದವರೆಗೆ ಜೈಲು, 25 ಸಾವಿರ ರೂ. ದಂಡ ಇದೆ. ದಂಡ ಕಟ್ಟಬಹುದು. ಹೋದ ಮಗ ಬರುವುದಿಲ್ಲ.

ನಮ್ಮ ತಮ್ಮ ಇನ್ನೂ ಗಾಡಿ ತಂದಿಲ್ಲ. ಈ ಸಲದ ನಿಂಬೆ ದುಡ್ಡು ಕೈಗೆ ಬಂದ ಮೇಲೆ ಅಪಾಚೆ ತರುತ್ತಾನಂತೆ, ಹಳೆಯದನ್ನು ಕೊಡುವುದಿಲ್ಲವಂತೆ. ಬುಕ್ ಮಾಡಲು ಹೋಗುವಾಗ ಚಿಗವ್ವನನ್ನು ಕರೆದುಕೊಂಡೇ ಹೋಗು ಅಂತ ಹೇಳಿದ್ದೇನೆ.