ಆಯ್ಕೆ ಸಣ್ಣವರಿಗೂ ಇರಲಿ

ಕಾಳಿ ನದಿಯ ಜಲವಿದ್ಯುತ್, ಕೈಗಾದ ಅಣುವಿದ್ಯುತ್ ಎರಡೂ ಹುಟ್ಟುವುದು ನಮ್ಮ ಉತ್ತರ ಕನ್ನಡದಲ್ಲೇ. ಆದರೆ ವಾನಳ್ಳಿಯಲ್ಲಿ ಹಲಸಿನ ಚಿಪ್ಸ್ ಘಟಕ ತೆರೆಯುವವರಿಗೆ ಕರೆಂಟ್ ಯಾರಿಂದ ಕೊಳ್ಳಬೇಕೆಂಬ ಆಯ್ಕೆಯೇ ಇಲ್ಲ.

ಬೇಕಾದ ಉತ್ಪಾದಕರಿಂದ ಹಸಿರು ವಿದ್ಯುತ್ ಕೊಳ್ಳುವ ಮಿತಿಯನ್ನು ಕೇಂದ್ರದ 2022ರ ನಿಯಮ 1 ಮೆಗಾವಾಟ್‌ನಿಂದ 100 ಕಿಲೋವಾಟ್‌ಗೆ ಇಳಿಸಿತು. ಹಳ್ಳಿಯ ಘಟಕಕ್ಕೆ ಅದೂ ಎಟುಕದು.

ಅಡಿಕೆಗೆ ನ್ಯಾಯದ ಬೆಲೆ ಸಿಗಲೆಂದು ನಮ್ಮ ಹಿರಿಯರು 1923ರಲ್ಲೇ ಶಿರಸಿಯಲ್ಲಿ ತೋಟಗಾರರ ಸಹಕಾರಿ ಸಂಘ ಕಟ್ಟಿದರು. ಹಾಗೆಯೇ ಹತ್ತಾರು ಸಣ್ಣ ಘಟಕಗಳು ಒಟ್ಟಾಗಿ, ತಂತಿ ಬಳಕೆಯ ಶುಲ್ಕ ಕೊಟ್ಟೇ, ಒಬ್ಬ ಗ್ರಾಹಕನಂತೆ ಸೌರವಿದ್ಯುತ್ ಕೊಳ್ಳುವಂತಾಗಬೇಕು. ಆಗ ಬಂಡವಾಳ ಹಳ್ಳಿಗೂ ಬಂದೀತು, ಕೆಲಸವೂ ಹುಟ್ಟೀತು.

ದರ ಪರಿಷ್ಕರಣೆಗೆ ಮುನ್ನ ವಿದ್ಯುತ್ ನಿಯಂತ್ರಣ ಆಯೋಗ ಸಾರ್ವಜನಿಕರ ಅಹವಾಲು ಕೇಳುತ್ತದೆ. ದರ ಏರಿದಾಗ ಬೈಯುವ ನಾವು, ಅಲ್ಲಿ ಹೋಗಿ ಇದನ್ನು ಕೇಳೋಣ.