‘ಹಿಡಿದು ಬೇರೆಡೆ ಬಿಡಿರಿ’ ಎನ್ನುವವರಿಗೆ

ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ಇಲಿ, ಹಾವು, ಆನೆಗಳ ಮಾತೇಕೆ ಎಂದು ಕೆಲವರು ಹುಬ್ಬೇರಿಸಬಹುದು. ಕೋಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ಕನ್ನಡವಾಡುವ ಮನೆಗಳು ಎಲ್ಲೆಲ್ಲಿವೆ ಎಂಬುದನ್ನು ನೆನೆದುಕೊಂಡರೆ ಈ ಪ್ರಶ್ನೆ ಏಳದು. ಕಾರಮಡೈ, ಮೇಟ್ಟುಪಾಳೆಯಂ ಸುತ್ತಿನ ಒಕ್ಕಲಿಗ ಬೇಸಾಯಗಾರರು, ಸಿರುಮುಗೈಯ ದೇವಾಂಗ ನೇಕಾರರು, ಉಡುಮಲೈ ಕಡೆಯ ರೈತರು, ಹೀಗೆ ನಮ್ಮಲ್ಲಿ ಅನೇಕರು ಬೆಟ್ಟದ ಬುಡದ ಜನ. ಇಂತಹ ಇಬ್ಬರು ಭೇಟಿಯಾದರೆ ಯೋಗಕ್ಷೇಮದ ಮಾತು ಮುಗಿದ ಕೂಡಲೇ ನಿನ್ನೆ ರಾತ್ರಿ ಯಾರ ಹಿತ್ತಿಲಿಗೆ ಏನು ನುಗ್ಗಿತು ಎಂಬ ಸುದ್ದಿ ಬರುತ್ತದೆ. ಆ ಸುದ್ದಿ ಯಾವಾಗಲೂ ಒಂದೇ ವಾಕ್ಯದಲ್ಲಿ ಕೊನೆಗಾಣುತ್ತದೆ: “ಹಿಡಿದುಕೊಂಡು ಹೋಗಿ ಬೇರೆ ಎಲ್ಲಾದರೂ ಬಿಡಬಾರದೆ?”

ಈ ವಾಕ್ಯವನ್ನು ವಿರೋಧಿಸುವುದಕ್ಕಾಗಿಯೇ ಈ ಲೇಖನ.

ಮೇಲ್ನೋಟಕ್ಕೆ ಇದು ದಯೆಯ ಮಾತು. ಕೊಲ್ಲಿರಿ ಎಂದು ಯಾರೂ ಹೇಳುತ್ತಿಲ್ಲ. ಹಾವನ್ನು ಚೀಲಕ್ಕೆ ಹಾಕಿ, ಕೋತಿಯನ್ನು ಬೋನಿಗೆ ಹಾಕಿ, ನಾಯಿಯನ್ನು ಗಾಡಿಗೆ ಹಾಕಿ, ಆನೆಯನ್ನು ಲಾರಿಗೆ ಏರಿಸಿ ದೂರ ಸಾಗಿಸಿದರೆ ಜೀವವೂ ಉಳಿಯಿತು, ಕಾಟವೂ ತೊಲಗಿತು ಎಂದು ನಾವು ಸಮಾಧಾನಪಟ್ಟುಕೊಳ್ಳುತ್ತೇವೆ. ಆದರೆ ಆ ‘ಬೇರೆಡೆ’ ಎಂಬುದು ಎಲ್ಲಿದೆ? ಭೂಪಟದಲ್ಲಿ ಹುಡುಕಿದರೆ ಅಲ್ಲಿಯೂ ಒಂದು ಊರು, ಒಂದು ಹಿತ್ತಿಲು, ಒಂದು ತೊಟ್ಟಿಲು ಇರುತ್ತದೆ. ನಮ್ಮ ಕಾಟವನ್ನು ನೆರೆಯವನ ತಲೆಗೆ ಕಟ್ಟುವುದಕ್ಕೆ ದಯೆ ಎಂಬ ಹೆಸರು ಸಲ್ಲದು.

ಮೊದಲು ನಮ್ಮ ತಪ್ಪನ್ನೇ ಒಪ್ಪಿಕೊಳ್ಳುವುದು ನ್ಯಾಯ. ಒಂದು ಮಳೆಗಾಲದಲ್ಲಿ ನಮ್ಮ ಮನೆಯ ಉಗ್ರಾಣಕ್ಕೆ ಹೆಗ್ಗಣ ಹೊಕ್ಕಿತು. ಕೊಲ್ಲಲು ಮನಸ್ಸೊಪ್ಪದೆ, ಬೋನಿಗೆ ಕೊಬ್ಬರಿ ಚೂರು ಸಿಕ್ಕಿಸಿ ಹಿಡಿದು, ಬೆಳಗಿನ ನಡಿಗೆಯ ನೆಪದಲ್ಲಿ ಮೂರು ಬೀದಿ ಆಚೆಯ ಖಾಲಿ ನಿವೇಶನದಲ್ಲಿ ಬಿಟ್ಟು ಬಂದೆವು. ಎರಡು ದಿನ ಕಳೆದು ಅದೇ ನಿವೇಶನದ ಬಳಿ, ಚೀಲದಲ್ಲಿ ಮರೆಮಾಡಿದ ಬೋನು ಹಿಡಿದ ಇನ್ನೊಬ್ಬ ನಿವೃತ್ತರು ಎದುರಾದರು. ಇಬ್ಬರೂ ಹವೆಯ ಬಗೆಗೆ ಎರಡು ಮಾತನಾಡಿ, ಒಬ್ಬರ ಕೈಯನ್ನು ಒಬ್ಬರು ನೋಡದೆ ಬೇರೆಯಾದೆವು. ಅಷ್ಟರಲ್ಲಿ ನಮ್ಮ ಉಗ್ರಾಣದಲ್ಲಿ ಹೊಸ ಹೆಗ್ಗಣ ಬಿಡಾರ ಹೂಡಿತ್ತು. ಹೂಡದೆ ಏನು ಮಾಡೀತು? ಬಚ್ಚಲ ಕೊಳವೆಯ ಪಕ್ಕದ ಸಂದು ಹಾಗೆಯೇ ಇತ್ತು, ಬಾಯಿ ಕಟ್ಟದ ತೌಡಿನ ಮೂಟೆ ಹಾಗೆಯೇ ಇತ್ತು. ಹೆಗ್ಗಣವನ್ನು ಸಾಗಿಸಿದ್ದೆವು, ಹೆಗ್ಗಣವನ್ನು ಕರೆದ ಕಾರಣವನ್ನು ಮನೆಯಲ್ಲೇ ಇಟ್ಟುಕೊಂಡಿದ್ದೆವು.

ಹೆಗ್ಗಣದ ವಿಷಯದಲ್ಲಿ ಇದು ನಗೆಯ ಮಾತು. ಇದೇ ಬುದ್ಧಿಯನ್ನು ನಾವು ಆನೆಯ ಮೇಲೆ ಪ್ರಯೋಗಿಸಿದೆವು.

ಕೋಯಮತ್ತೂರಿನ ವಾಯವ್ಯಕ್ಕಿರುವ ತಡಾಗಂ ಕಣಿವೆಯಲ್ಲಿ ಆನೆಗಳ ಹಾವಳಿ ವಿಪರೀತವಾಗಿದ್ದಾಗ, ಅವನ್ನು ಹಿಡಿದು ದೂರದ ಕಾಡಿಗೆ ಬಿಡಬೇಕೆಂಬ ಮನವಿಪತ್ರವೊಂದು ನಮ್ಮ ಬಳಿಗೂ ಬಂದಿತ್ತು. ನಾವು ಸಹಿ ಹಾಕಿದೆವು. ಇಂತಹ ಬೇಡಿಕೆಗಳು ಫಲಿಸಿದವು. 2018ರ ಡಿಸೆಂಬರಿನಲ್ಲಿ ‘ವಿನಾಯಗನ್’ ಎಂದು ಜನ ಕರೆಯುತ್ತಿದ್ದ ಗಂಡಾನೆಯನ್ನು ಹಿಡಿದು ಮುದುಮಲೆಗೆ ಸಾಗಿಸಿದರು. 2019ರ ಜನವರಿ 25ರಂದು ‘ಚಿನ್ನತಂಬಿ’ಯನ್ನು ಹಿಡಿದು ಆನೈಮಲೆಯ ಟಾಪ್‌ಸ್ಲಿಪ್ ಕಡೆಯ ಕಾಡಿಗೆ ಒಯ್ದರು. ಚಿನ್ನತಂಬಿ ಎಂದರೆ ಚಿಕ್ಕ ತಮ್ಮ. ಮನೆಯ ಕಿರಿಯವನಿಗೆ ಇಡುವ ಹೆಸರನ್ನು ಆನೆಗೆ ಇಟ್ಟಿದ್ದ ಜನರೇ ಅದು ಹೋದರೆ ಸಾಕು ಎಂದು ಬೇಡಿದ್ದರು.

ತಿಂಗಳು ಮುಗಿಯುವಷ್ಟರಲ್ಲಿ ಚಿನ್ನತಂಬಿ ಕಾಡಿನಿಂದ ಹೊರಬಂದು ಪೊಳ್ಳಾಚಿ ಕಡೆಯ ಊರುಗಳನ್ನು ಹಾದು ಉಡುಮಲೈ ಸೀಮೆಗೆ ನಡೆಯಿತು. ಕೃಷ್ಣಾಪುರದಲ್ಲಿ ಅಮರಾವತಿ ಸಹಕಾರಿ ಸಕ್ಕರೆ ಕಾರ್ಖಾನೆಯ ಆಸುಪಾಸಿನ ಕಬ್ಬಿನ ಗದ್ದೆಗಳಲ್ಲಿ ಬೀಡುಬಿಟ್ಟಿತು. ಮಡತ್ತುಕುಳದ ಬಳಿ ಕಬ್ಬು ಬೆಳೆಯುವ ನಮ್ಮ ಸೋದರಳಿಯ ಅಂದು ರಾತ್ರಿ ದೂರವಾಣಿಯಲ್ಲಿ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: “ಮಾವ, ನಿಮ್ಮೂರಿನ ಆನೆ ನಮ್ಮ ಗದ್ದೆಯ ಕಡೆ ಬಂದಿದೆ.” ಸಹಿ ಹಾಕಿದವರು ನಾವು ಎಂಬುದು ಅವನಿಗೆ ತಿಳಿದಿರಲಿಲ್ಲ. ಹೇಳುವ ಧೈರ್ಯ ನಮಗೂ ಆಗಲಿಲ್ಲ. ಕೋಯಮತ್ತೂರು ಜಿಲ್ಲೆಯ ಕಾಟ ತಿರುಪ್ಪೂರು ಜಿಲ್ಲೆಯ ಕಾಟವಾಗಿತ್ತು, ಅಷ್ಟೆ. ಫೆಬ್ರವರಿ 15ರಂದು ಅದನ್ನು ಮತ್ತೆ ಹಿಡಿದು ವರಗಳಿಯಾರಿನ ಶಿಬಿರದಲ್ಲಿ ಮರದ ದೊಡ್ಡಿಗೆ ಹಾಕಿದರು. ಮುಂದೆ ಅದನ್ನು ಕುಮ್ಕಿ ಆನೆಯಾಗಿ ಪಳಗಿಸಲಾಯಿತು. ಕಾಡಿನ ಪ್ರಾಣಿಯನ್ನು ಬೇರೊಂದು ಕಾಡಿಗೆ ಕಳುಹಿಸುತ್ತೇವೆಂದು ಹೊರಟವರು ಕೊನೆಗೆ ಅದರ ಕಾಡನ್ನೇ ಕಳೆದೆವು.

ಕಥೆ ಇಷ್ಟಕ್ಕೇ ಮುಗಿಯಲಿಲ್ಲ. 2023ರ ಫೆಬ್ರವರಿಯಲ್ಲಿ ಧರ್ಮಪುರಿ ಜಿಲ್ಲೆಯಲ್ಲಿ ಹಿಡಿದ ಮಖನಾ ಆನೆಯೊಂದನ್ನು, ಅಂದರೆ ದಂತವಿಲ್ಲದ ಗಂಡಾನೆಯನ್ನು, ಇದೇ ಆನೈಮಲೆ ಕಾಡಿಗೆ ತಂದು ಬಿಟ್ಟರು. ಅದು ಕೆಲವೇ ದಿನಗಳಲ್ಲಿ ಪೊಳ್ಳಾಚಿ ದಾಟಿ, ಮದುಕ್ಕರೈ ಹಾದು, ಕೋಯಮತ್ತೂರು ನಗರದ ಅಂಚಿನ ಕುನಿಯಮುತ್ತೂರಿನವರೆಗೆ ನಡೆದು ಬಂತು. ಬೀದಿಯಲ್ಲಿ ಆನೆ ಕಂಡು ನಾವೆಲ್ಲ ಗಾಬರಿಗೊಂಡು, “ಎಲ್ಲಿಯದೋ ಆನೆಯನ್ನು ತಂದು ನಮ್ಮ ಮೇಲೆ ಬಿಟ್ಟರಲ್ಲ” ಎಂದು ಸಿಟ್ಟಾದೆವು. ನಾಲ್ಕು ವರ್ಷಗಳ ಹಿಂದೆ ಉಡುಮಲೈಯವರು ಆಡಿದ್ದೂ ಇದೇ ಮಾತನ್ನು. ಮತ್ತೆ ಹಿಡಿದು ಬಿಟ್ಟ ಮೇಲೆಯೂ ಆ ಆನೆ ಸುಮ್ಮನಿರದೆ ಹೊರಬಂದು, ಜುಲೈ ಕೊನೆಯಲ್ಲಿ ಇನ್ನೊಮ್ಮೆ ಬೋನು, ಲಾರಿ, ಮತ್ತಿನ ಮದ್ದು ಎಲ್ಲವನ್ನೂ ಕಂಡಿತು.

ಇದು ನಮ್ಮ ನಾಡಿನ ದುರದೃಷ್ಟವಷ್ಟೇ ಅಲ್ಲ. ಶ್ರೀಲಂಕೆಯಲ್ಲಿ ಹೀಗೆ ಸ್ಥಳಾಂತರಿಸಿದ ಗಂಡಾನೆಗಳ ಕೊರಳಿಗೆ ಜಿ.ಪಿ.ಎಸ್. ಪಟ್ಟಿ ಕಟ್ಟಿ ಅವುಗಳ ನಡೆಯನ್ನು ಅಭ್ಯಸಿಸಿದ ವಿಜ್ಞಾನಿಗಳು 2012ರಲ್ಲಿ ಪ್ರಕಟಿಸಿದ ನಿರ್ಣಯವೂ ಇದೇ: ಕೆಲವು ಆನೆಗಳು ಹಿಂದಿರುಗುತ್ತವೆ, ಕೆಲವು ಅಲೆಯುತ್ತವೆ, ಸಂಘರ್ಷ ಕಡಿಮೆಯಾಗುವ ಬದಲು ಹರಡುತ್ತದೆ. ಮಹಾರಾಷ್ಟ್ರದ ಜುನ್ನರ್ ಭಾಗದ ಚಿರತೆಗಳ ಪಾಠ ಇನ್ನೂ ಕಠಿಣವಾದುದು. ವಿದ್ಯಾ ಅತ್ರೇಯ ಮತ್ತು ಸಂಗಡಿಗರ ಅಧ್ಯಯನದ ಪ್ರಕಾರ, ಅಲ್ಲಿ ಚಿರತೆಗಳನ್ನು ಹಿಡಿದು ಬೇರೆಡೆ ಬಿಡುವ ಕಾರ್ಯಕ್ಕೆ ಮೊದಲು ವರ್ಷಕ್ಕೆ ಸರಾಸರಿ 4ರಷ್ಟಿದ್ದ ಮನುಷ್ಯರ ಮೇಲಿನ ದಾಳಿ, ಆ ಕಾರ್ಯ ಭರದಿಂದ ಸಾಗಿದ 2001ರಿಂದ 2003ರ ಅವಧಿಯಲ್ಲಿ 17ಕ್ಕೆ ಏರಿತು. ಜೀವ ಉಳಿಸಲೆಂದು ಕೈಗೊಂಡ ಕ್ರಮವೇ ಜೀವಕ್ಕೆ ಎರವಾಯಿತು. ನೆಲೆ ತಪ್ಪಿದ, ಬೆದರಿದ ಪ್ರಾಣಿಯೇ ಹೆಚ್ಚು ಅಪಾಯಕಾರಿ ಎಂಬುದಕ್ಕೆ ಇನ್ನೆಂತಹ ಸಾಕ್ಷ್ಯ ಬೇಕು?

ಕೊಳ್ಳೇಗಾಲ ತಾಲ್ಲೂಕು 1956ರವರೆಗೆ ಕೋಯಮತ್ತೂರು ಜಿಲ್ಲೆಗೆ ಸೇರಿತ್ತೆಂಬುದು ನಮ್ಮ ತಲೆಮಾರಿನವರಿಗೆ ತಿಳಿದ ವಿಷಯ. ರಾಜ್ಯಗಳ ಪುನರ್ವಿಂಗಡಣೆಯಾಗಿ ಅದು ಮೈಸೂರಿಗೆ ಸೇರಿತು, ಕಚೇರಿಯ ಕಡತಗಳು ಗಡಿ ದಾಟಿದವು. ಆನೆಗಳಿಗೆ ಈ ಆಜ್ಞೆ ತಲುಪಲಿಲ್ಲ. ಬಿಳಿಗಿರಿರಂಗನ ಬೆಟ್ಟದಿಂದ ಸತ್ಯಮಂಗಲ, ನೀಲಗಿರಿಗಳ ಮೂಲಕ ನಮ್ಮ ಕಣಿವೆಗಳವರೆಗೆ ಹಬ್ಬಿದ ಕಾಡು ಅವುಗಳಿಗೆ ಒಂದೇ ಮನೆ. ಆ ಮನೆಯ ನಡುಮನೆಯಲ್ಲಿ ನಾವು ಗೋಡೆ ಕಟ್ಟಿ, ಆಮೇಲೆ ಮನೆಯವರನ್ನೇ ಅತಿಕ್ರಮಣಕಾರರು ಎನ್ನುತ್ತೇವೆ.

ಗೋಡೆ ಕಟ್ಟಿದ್ದು ಮಾತ್ರವಲ್ಲ, ಔತಣವನ್ನೂ ಇಟ್ಟೆವು. ತಡಾಗಂ ಕಣಿವೆಯಲ್ಲಿ ನೂರೈವತ್ತಕ್ಕೂ ಮಿಕ್ಕಿ ಇಟ್ಟಿಗೆ ಗೂಡುಗಳು ಅನುಮತಿಯಿಲ್ಲದೆ ಉರಿಯುತ್ತಿದ್ದವು. ಕೆಮ್ಮಣ್ಣಿಗಾಗಿ ಆನೆ ನಡೆಯುವ ದಾರಿಗಳನ್ನು ಪಾತಾಳದಂತೆ ಅಗೆದರು. ಗೂಡಿಗೆ ಸೌದೆಯಾಗಿ ಲಾರಿಗಟ್ಟಲೆ ತಾಳೆಮರದ ದಿಮ್ಮಿ ಬಂತು. ಅದರ ಸಿಹಿ ತಿರುಳು ಆನೆಗೆ ಹಬ್ಬದೂಟ. ಊಟ ಬಡಿಸಿದವರೇ ಅತಿಥಿಯನ್ನು ಕಳ್ಳನೆಂದು ದೂರಿದರು. 2021ರಲ್ಲಿ ಆ ಗೂಡುಗಳನ್ನು ಮುಚ್ಚಿಸಲಾಯಿತು. ಆನೆಗಳನ್ನು ಲಾರಿಗೆ ಏರಿಸುವುದಕ್ಕೆ ಮೊದಲೇ ಆಗಬೇಕಾಗಿದ್ದ ಕೆಲಸ ಅದು.

ಮರುದಮಲೈ ಬುಡದ ಸೋಮಯಂಪಾಳೆಯದ ಕಸದ ರಾಶಿಯಲ್ಲಿ ಆನೆಗಳು ಮೇಯುವುದನ್ನು ಜನ ವರ್ಷಗಳಿಂದ ಕಂಡಿದ್ದಾರೆ. ಅವುಗಳ ಲದ್ದಿಯಲ್ಲಿ ಹಾಲಿನ ಪೊಟ್ಟಣ, ಮಸಾಲೆಯ ಚೀಟಿಗಳು ಕಂಡವು. 2025ರ ಮೇ ತಿಂಗಳಲ್ಲಿ ಮರುದಮಲೈ ತಪ್ಪಲಿನಲ್ಲಿ ಹೆಣ್ಣಾನೆಯೊಂದು ಕುಸಿದು, ಚಿಕಿತ್ಸೆ ಫಲಿಸದೆ ಸತ್ತಿತು. ಶವಪರೀಕ್ಷೆಯಲ್ಲಿ ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಸಿಕ್ಕಿತು. ಗರ್ಭದಲ್ಲಿ ಮರಿಯೂ ಇತ್ತು. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪರರ ಎಲೆಯ ನೊಣ ತೋರಿಸಿದಂತೆ ಎಂಬ ಗಾದೆ ನಮ್ಮ ಭಾಷೆಯದೇ ಅಲ್ಲವೆ?

ಚಿಕ್ಕ ಜೀವಿಗಳ ವಿಷಯವೂ ಬೇರೆಯಲ್ಲ. ಹೆಬ್ಬೆರಳು ತೂರುವಷ್ಟು ಸಂದಿದ್ದರೆ ಇಲಿಗೆ ಅದೇ ಹೆಬ್ಬಾಗಿಲು. ಇಲಿಯ ಹಿಂದೆ ಹಾವು ಬರುತ್ತದೆ. ಬಂದ ಹಾವು ಕೇರೆಯೋ ನಾಗರವೋ ಎಂದು ನೋಡದೆ ಬಡಿಯುತ್ತೇವೆ, ಇಲಿ ತಿನ್ನುವ ಕೇರೆ ಸತ್ತ ಮೇಲೆ ಇಲಿಗಳು ಇಮ್ಮಡಿಸುತ್ತವೆ. ಆಗ ಪಾಷಾಣ ತರುತ್ತೇವೆ. 2024ರ ನವೆಂಬರಿನಲ್ಲಿ ಚೆನ್ನೈ ಬಳಿಯ ಕುಂಡ್ರತ್ತೂರಿನ ಮನೆಯೊಂದರಲ್ಲಿ ಇಲಿಗೆಂದು ಇಟ್ಟ ವಿಷ ಇಬ್ಬರು ಎಳೆಯ ಮಕ್ಕಳನ್ನು ಬಲಿ ತೆಗೆದುಕೊಂಡಿತು. ಕಾಂಗೇಯಂ, ವೆಳ್ಳಕೋವಿಲ್ ಭಾಗದಲ್ಲಿ ಬೀದಿನಾಯಿಗಳ ಹಿಂಡು ಆಡು ಕುರಿಗಳನ್ನು ಸೀಳಿದಾಗ ರೈತರು ಬೀದಿಗಿಳಿದದ್ದು ನ್ಯಾಯವೇ. ಆದರೆ ಒಂದೂರಿನ ನಾಯಿಗಳನ್ನು ಇನ್ನೊಂದೂರಿನ ಗಡಿಯಲ್ಲಿ ಸುರಿದು ಬಂದರೆ ಕುರಿ ಉಳಿಯುವುದಿಲ್ಲ, ಕುರಿಯ ಒಡೆಯ ಬದಲಾಗುತ್ತಾನೆ. ಸಂತಾನಹರಣ ಚಿಕಿತ್ಸೆ ಮಾಡಿ, ರೇಬಿಸ್ ಲಸಿಕೆ ಹಾಕಿ, ಹಿಡಿದಲ್ಲೇ ಬಿಡಬೇಕೆಂದು 2023ರ ನಿಯಮಗಳು ಹೇಳುವುದು ಇದಕ್ಕಾಗಿಯೇ. ಕೋಳಿ ಅಂಗಡಿಯ ಕಸವನ್ನು ರಸ್ತೆಯಂಚಿಗೆ ಎಸೆಯುವವರೆಗೆ ಯಾವ ನಿಯಮವೂ ಪೂರ್ಣ ಫಲ ನೀಡದು.

“ಸ್ವಾಮಿ, ನಿಮ್ಮ ಬಾಗಿಲನ್ನು ಆನೆ ಮುರಿದಿಲ್ಲ, ನಿಮ್ಮ ಮಗುವನ್ನು ಚಿರತೆ ಎಳೆದೊಯ್ದಿಲ್ಲ, ಆದುದರಿಂದ ಉಪದೇಶ ಸುಲಭ” ಎಂದು ಯಾರಾದರೂ ಹೇಳಿದರೆ ನಾವು ತಲೆ ತಗ್ಗಿಸುತ್ತೇವೆ. 2025ರ ಜೂನಿನಲ್ಲಿ ವಾಲ್ಪಾರೈಯ ಚಹಾ ತೋಟದ ಕೂಲಿ ಸಾಲಿನಲ್ಲಿ, ದುಡಿಯಲು ಜಾರ್ಖಂಡಿನಿಂದ ಬಂದ ದಂಪತಿಗಳ ಪುಟ್ಟ ಹೆಣ್ಣುಮಗುವನ್ನು ಚಿರತೆ ಹೊತ್ತೊಯ್ದು ಕೊಂದಿತು. ಆ ತಾಯಿಯ ಮುಂದೆ ನಿಂತು ಸಹಬಾಳ್ವೆಯ ಭಾಷಣ ಮಾಡುವ ನಾಲಗೆ ನಮಗಿಲ್ಲ. ಮನುಷ್ಯರ ಮೇಲೆ ಮತ್ತೆ ಮತ್ತೆ ಎರಗುವ ಪ್ರಾಣಿಯನ್ನು, ಹುಚ್ಚು ಹಿಡಿದ ನಾಯಿಯನ್ನು ತೆಗೆಯಲೇಬೇಕು. ಅದನ್ನು ಬಲ್ಲವರು ನಿರ್ಧರಿಸಲಿ. ನಮ್ಮ ತಕರಾರು ಇಷ್ಟೇ: ಕಟ್ಟಕಡೆಯ ಉಪಾಯವನ್ನು ನಾವು ಮೊಟ್ಟಮೊದಲ ಮನವಿಯಾಗಿ ಮಾಡಿಕೊಂಡಿದ್ದೇವೆ. ಬೋನು ತರುವುದರಿಂದ ಆ ಸಾಲುಮನೆಗಳ ಸುತ್ತಿನ ಪೊದೆ ಕಡಿಯುವುದಿಲ್ಲ, ಅಂಗಳಕ್ಕೆ ದೀಪ ಬರುವುದಿಲ್ಲ. ಇಲ್ಲದ ದೀಪಕ್ಕೆ ಮನವಿ ಬರೆಯದವರು ಇದ್ದ ಚಿರತೆಯ ಮೇಲೆ ಮನವಿ ಬರೆದು ಕರ್ತವ್ಯ ಮುಗಿಸುತ್ತೇವೆ.

ಇನ್ನೊಂದು ದಾರಿ ಇದೆ ಎಂಬುದನ್ನು ತೋರಿಸಿದ್ದೂ ಅದೇ ವಾಲ್ಪಾರೈ. ಅಲ್ಲಿ ಆನೆಗಳ ಚಲನವಲನವನ್ನು ವರ್ಷಗಟ್ಟಲೆ ಅಭ್ಯಸಿಸಿದ ಆನಂದಕುಮಾರ್ ಮತ್ತು ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ಸಂಗಡಿಗರು, ಸಾವುಗಳಲ್ಲಿ ಹೆಚ್ಚಿನವು ಆನೆ ಹತ್ತಿರದಲ್ಲಿದೆ ಎಂದು ತಿಳಿಯದೆ ಎದುರಾದಾಗ ಸಂಭವಿಸುತ್ತವೆ ಎಂಬುದನ್ನು ಕಂಡುಕೊಂಡರು. ಸಂಜೆಯ ಹೊತ್ತಿಗೆ ಆನೆ ಯಾವ ತೋಟದಲ್ಲಿದೆ ಎಂಬ ಸಂದೇಶ ಮೊಬೈಲುಗಳಿಗೆ ಬರತೊಡಗಿತು. ಆಯಕಟ್ಟಿನ ತಿರುವುಗಳಲ್ಲಿ ಕೆಂಪು ದೀಪ ನಿಲ್ಲಿಸಿ, ಊರಿನವರೇ ಮೊಬೈಲಿನಿಂದ ಅವನ್ನು ಉರಿಸುವ ಏರ್ಪಾಡಾಯಿತು. ಸಾವುಗಳು ಗಣನೀಯವಾಗಿ ಇಳಿದವು. ಒಂದಾನೆಯನ್ನೂ ಲಾರಿಗೆ ಏರಿಸದೆ ಮಾಡಿದ ಈ ಕೆಲಸಕ್ಕೆ 2015ರಲ್ಲಿ ಅಂತರರಾಷ್ಟ್ರೀಯ ವಿಟ್ಲಿ ಪ್ರಶಸ್ತಿ ಬಂತು.

ಆದುದರಿಂದ ಸಂಘದ ಬಂಧುಗಳಲ್ಲಿ ನಮ್ಮ ವಿನಂತಿ ಇದು. ಮುಂದಿನ ಸಲ ಮನವಿಪತ್ರವೊಂದು ಸಹಿಗೆ ಬಂದರೆ, ‘ಬೇರೆಡೆ ಬಿಡಿರಿ’ ಎಂಬ ಸಾಲನ್ನು ಹೊಡೆದುಹಾಕಿ, ಕಸದ ರಾಶಿಯನ್ನು ಬೆಟ್ಟದ ಬುಡದಿಂದ ತೆಗೆಯಿರಿ, ಬೀದಿಗೆ ದೀಪ ಹಾಕಿರಿ, ಬೆಳೆಹಾನಿಯ ಪರಿಹಾರವನ್ನು ತಡಮಾಡದೆ ಕೊಡಿರಿ, ಮುನ್ನೆಚ್ಚರಿಕೆಯ ಸಂದೇಶ ನಮ್ಮ ಕಣಿವೆಗೂ ಬರಲಿ ಎಂದು ಬರೆಯಿರಿ. ಸಹಿ ಹಾಕುವುದಕ್ಕೆ ಮೊದಲು ಮನೆಯ ಹಿಂಬದಿಗೆ ಒಮ್ಮೆ ಹೋಗಿ, ಬಚ್ಚಲ ಸಂದನ್ನು, ತೌಡಿನ ಮೂಟೆಯನ್ನು, ಮುಚ್ಚಳವಿಲ್ಲದ ಕಸದ ಬುಟ್ಟಿಯನ್ನು ನೋಡಿ ಬನ್ನಿರಿ. ನಾವೂ ಆ ಸಂದಿಗೆ ಸಿಮೆಂಟು ಮೆತ್ತಿಸಿದ ಮೇಲೆಯೇ ಈ ಲೇಖನಕ್ಕೆ ಕೈ ಹಾಕಿದೆವು.

ಕೊನೆಯದಾಗಿ ಸಂಘದ ಪದಾಧಿಕಾರಿಗಳಲ್ಲಿ ಒಂದು ಪ್ರಶ್ನೆ. ಈ ಸಮ್ಮೇಳನದ ಎರಡು ಹೊತ್ತಿನ ಊಟವಾದ ಮೇಲೆ ಬಾಳೆ ಎಲೆಗಳು, ಉಳಿದ ಅನ್ನ, ನೀರಿನ ಪ್ಲಾಸ್ಟಿಕ್ ಸೀಸೆಗಳು ಯಾವ ಗಾಡಿಯಲ್ಲಿ ಎಲ್ಲಿಗೆ ಹೋಗುತ್ತವೆ? ‘ಬೇರೆಡೆಗೆ’ ಎಂಬ ಉತ್ತರವನ್ನು ಮಾತ್ರ ದಯಮಾಡಿ ಕೊಡಬೇಡಿರಿ.