ವಿಷಲ್ ಕೇಳದವರ ಕಸ

ಬೆಂಗಳೂರಿನ ಕಸದ ವ್ಯವಹಾರವೆಲ್ಲ ನಡೆಯುವುದು ಕಿವಿಯ ಭರವಸೆಯ ಮೇಲೆ. ಬೆಳಗ್ಗೆ ಪೌರಕಾರ್ಮಿಕರು ವಿಷಲ್ ಊದುತ್ತಾರೆ, ಇಲ್ಲವೇ ಆಟೋದ ಧ್ವನಿವರ್ಧಕದಲ್ಲಿ ಹಾಡು ಬರುತ್ತದೆ. ಒಳಗಿದ್ದವರು ಸೌಟು ಬಿಟ್ಟು ಬಕೆಟ್ಟು ಹಿಡಿದು ಓಡುತ್ತಾರೆ. ರದ್ದಿ ಪೇಪರಿನವನು ಕೂಗುತ್ತಾನೆ, ಹಳೇ ಸೀರೆಗೆ ಸ್ಟೀಲ್ ಪಾತ್ರೆ ಕೊಡುವವಳು ಕೂಗುತ್ತಾಳೆ, ಕುಕ್ಕರ್ ರಿಪೇರಿಯವನು ಕೂಗುತ್ತಾನೆ. ಮನೆಯಿಂದ ಹೊರಡಬೇಕಾದ ಒಂದೊಂದು ವಸ್ತುವಿಗೂ ಒಂದೊಂದು ಕೂಗು. ಇವುಗಳಲ್ಲಿ ಯಾವುದೂ ನನ್ನ ಮನೆಯ ಹೊಸ್ತಿಲು ದಾಟುವುದಿಲ್ಲ. ಯಂತ್ರ ಹಾಕಿಕೊಂಡರೆ ಸದ್ದಿದೆ ಎಂದಷ್ಟೇ ಗೊತ್ತಾಗುತ್ತದೆ. ಯಾವುದರ ಸದ್ದು, ಎತ್ತ ಕಡೆಯದು ಎಂದು ತಿಳಿಯುವುದಿಲ್ಲ. ಸರ್ಕಾರಿ ಕಾಗದದಲ್ಲಿ ನನ್ನದು ‘ಶ್ರವಣದೋಷ’. ನಾನು ಕಿವುಡಿ ಎಂದೇ ಬರೆಯುತ್ತೇನೆ, ಎರಡಕ್ಷರ ಉಳಿಯುತ್ತದೆ. ಈ ವಾರದ ವಿಷಯವೂ ಉಳಿತಾಯವೇ.

2012ರಲ್ಲಿ ಮಾವಳ್ಳಿಪುರದ ಜನ ನಮ್ಮ ಕಸದ ಲಾರಿಗಳನ್ನು ತಡೆದದ್ದು, ಬಳಿಕ ಮಂಡೂರಿನವರೂ ತಿರುಗಿ ಬಿದ್ದದ್ದು ನಿಮಗೆ ನೆನಪಿರಬಹುದು. ಆ ವರ್ಷದ ಅಕ್ಟೋಬರ್ 1ರಿಂದ ಮನೆಯಲ್ಲೇ ಕಸ ವಿಂಗಡಿಸಬೇಕೆಂದು ಕಡ್ಡಾಯವಾಯಿತು. 2015ರ ಡಿಸೆಂಬರ್‌ನಲ್ಲಿ ಹೈಕೋರ್ಟು ಎರಡು ಬಕೆಟ್ಟು, ಒಂದು ಚೀಲ ಎಂಬ ಕ್ರಮವನ್ನು ಗೊತ್ತು ಮಾಡಿತು. ಹಸಿ ಕಸಕ್ಕೆ ಹಸಿರು, ಯಾತಕ್ಕೂ ಬಾರದ್ದಕ್ಕೆ ಕೆಂಪು, ಒಣ ಕಸಕ್ಕೆ ಚೀಲ. ಬಣ್ಣವೆಂದರೆ ಕಣ್ಣಿನ ಭಾಷೆ. ಓದಿ ಬಹಳ ಖುಷಿಪಟ್ಟೆ. ಆದರೆ ವಿಂಗಡಿಸುವುದಷ್ಟೇ ಕಣ್ಣಿನ ಕೆಲಸವಾಯಿತು. ಅದನ್ನು ಒಯ್ದು ಕೊಡುವುದು ಕಿವಿಯ ಕೆಲಸವಾಗಿಯೇ ಉಳಿಯಿತು.

ನಮ್ಮದು ಬಸವೇಶ್ವರನಗರದ ಒಂದು ಅಡ್ಡರಸ್ತೆಯಲ್ಲಿ ಕೆಳಗಿನ ಮನೆ. ಮುಂದೆ ಗೇಟು, ಹಿಂದೆ ಅಡುಗೆಮನೆ. ಆಟೋ ಏಳಕ್ಕೂ ಬರಬಹುದು, ಹತ್ತಕ್ಕೂ ಬರಬಹುದು. ಕೇಳುವವರು ಅದಕ್ಕಾಗಿ ಒಂದು ಕಿವಿಯನ್ನು ಮೀಸಲಿಟ್ಟರೆ ಸಾಕು. ನಾನು ಇಡೀ ದೇಹವನ್ನೇ ಗೇಟಿನಲ್ಲಿ ನಿಲ್ಲಿಸಬೇಕು. ಅಮ್ಮ ಇರುವವರೆಗೆ ಮನೆಗೆ ಕಿವಿಯಿತ್ತು. ಅವರು ಹೋದ ಮೇಲೆ ವಾರದಲ್ಲಿ ಎರಡು ಮೂರು ದಿನ ಆಟೋ ತಪ್ಪತೊಡಗಿತು. ಬೇಸಿಗೆಯಲ್ಲಿ ಹಲಸಿನ ತೊಳೆಯ ಸಿಪ್ಪೆ ಎರಡು ದಿನ ಮನೆಯಲ್ಲಿ ಕೂತರೆ ಏನಾಗುತ್ತದೆಂದು ನಾನು ವಿವರಿಸಬೇಕಾಗಿಲ್ಲ.

ಇಂಥ ಹೊತ್ತಿನಲ್ಲಿ ಬಹಳ ಜನ ಹಿಡಿಯುವ ದಾರಿ ರಸ್ತೆಯ ಮೂಲೆ. ಟ್ರಾನ್ಸ್‌ಫಾರ್ಮರಿನ ಕೆಳಗೆ ಮೊದಲು ಒಂದು ಕವರು, ಸಂಜೆಗೆ ಹತ್ತು, ಮರುದಿನ ಹಸು ಮತ್ತು ನಾಯಿ. ಒಂದು ಬೆಳಿಗ್ಗೆ ನಾನು ಬಟ್ಟೆ ಚೀಲ ಹಿಡಿದು ಆ ಮೂಲೆ ದಾಟಿ ಹೋಗುತ್ತಿದ್ದಾಗ ಯಾರೋ ಓಡಿಬಂದು ಎದುರಿಗೆ ನಿಂತರು, ಮೊಬೈಲು ಎತ್ತಿ ಫೋಟೊ ತೆಗೆದರು. ಕಸ ಎಸೆಯುವವರನ್ನು ಹಿಡಿಯಲು ನಿಂತವರಂತೆ. ಚೀಲದಲ್ಲಿದ್ದದ್ದು ಗ್ರಂಥಾಲಯಕ್ಕೆ ಕೊಡಲು ಹೊರಟಿದ್ದ ಹಳೇ ಪುಸ್ತಕಗಳು. ಅದನ್ನು ತೆರೆದು ತೋರಿಸಿದ ಮೇಲೂ ಅವರ ಸಿಟ್ಟು ಇಳಿಯಲಿಲ್ಲ. ‘ಅಷ್ಟು ಕೂಗಿದರೂ ತಿರುಗಿ ನೋಡಲಿಲ್ಲವಲ್ಲ!’ ಎಂಬುದು ಅವರ ತುಟಿಯ ಮೇಲೆ ಸ್ಪಷ್ಟವಾಗಿ ಕಾಣುತ್ತಿತ್ತು. ಸುತ್ತ ನೆರೆದ ಏಳೆಂಟು ಜನರ ಮುಖದಲ್ಲಿ ನಾನು ಆಗಲೇ ಅಪರಾಧಿ. ಕಾಗದ ತೆಗೆದು ‘ನನಗೆ ಕಿವಿ ಕೇಳುವುದಿಲ್ಲ’ ಎಂದು ಬರೆದು ತೋರಿಸುವಾಗ ಕೈ ನಡುಗುತ್ತಿತ್ತು.

2025ರ ಅಕ್ಟೋಬರ್ ಕೊನೆಯಲ್ಲಿ, ಬೀದಿಗೆ ಕಸ ಎಸೆದವರ ಮನೆಯೆದುರೇ ಕಸ ತಂದು ಸುರಿಯುವ ‘ಕಸ ಸುರಿಯುವ ಹಬ್ಬ’ ನಗರದಲ್ಲಿ ನಡೆಯಿತು. ನನ್ನ ವಿರೋಧವೇನೂ ಇಲ್ಲ. ಕಾರಿನ ಕಿಟಕಿಯಿಂದ ಕವರು ಬೀಸಿ ಹೋಗುವ ಮಹನೀಯರಿಗೆ ಅದು ತಕ್ಕದ್ದೇ. ಆದರೆ ಸಿಕ್ಕಿಬಿದ್ದವರಲ್ಲಿ ವಿಷಲ್ ಕೇಳದವರು ಎಷ್ಟು ಜನ ಎಂದು ಯಾರಾದರೂ ವಿಚಾರಿಸಿದ್ದಾರೆಯೇ?

ಹೀಗಾಗಿ ನಾನು ಗೊಬ್ಬರ ಮಾಡಲು ಹೊರಟದ್ದು ಪರಿಸರ ಪ್ರೇಮದಿಂದಲ್ಲ. ಆಟೋದ ಹಂಗು ಬೇಡ ಎಂದು. ನಮ್ಮ ಮನೆಗಳ ಕಸದಲ್ಲಿ ಅರ್ಧಕ್ಕಿಂತ ಹೆಚ್ಚು ಹಸಿಯದೇ. ಅದೊಂದು ಮನೆಯಲ್ಲೇ ಕರಗಿದರೆ ಉಳಿದದ್ದು ವಾರ ಕಾಯಬಲ್ಲದು. 2006ರಲ್ಲಿ ನಮ್ಮ ಬೆಂಗಳೂರಿನಲ್ಲೇ ಡೈಲಿ ಡಂಪ್‌ನವರು ಶುರುಮಾಡಿದ ‘ಖಂಬ’ವನ್ನು ನೀವು ನೋಡಿರಬಹುದು. ಒಂದರ ಮೇಲೊಂದು ಕೂರುವ ಮೂರು ಸುಟ್ಟ ಮಣ್ಣಿನ ಮಡಕೆಗಳು. ಮೇಲಿನದಕ್ಕೆ ದಿನವೂ ತರಕಾರಿ ಸಿಪ್ಪೆ, ಅದರ ಮೇಲೆ ಒಂದು ಹಿಡಿ ಒಣಗಿದ ಎಲೆ. ನಮ್ಮ ರಸ್ತೆಯ ಹೊಂಗೆ ಮರ ಎಲೆಗೆ ಬಡತನ ಮಾಡುವುದಿಲ್ಲ. ಆಗಾಗ ಒಂದು ಲೋಟ ಹುಳಿ ಮಜ್ಜಿಗೆ. ಅದು ತುಂಬಿದಾಗ ಮಡಕೆಗಳ ಸ್ಥಾನ ಬದಲಾಯಿಸಿ ಕೆಳಗಿಟ್ಟರೆ ಎರಡು ಮೂರು ತಿಂಗಳಿಗೆ ಕರಿ ಮಣ್ಣಾಗುತ್ತದೆ.

ಗೊಬ್ಬರ ಕಿವುಡರಿಗೆ ಹೇಳಿಮಾಡಿಸಿದ ವಿದ್ಯೆ. ಅದರ ಮಾತೆಲ್ಲ ಮೂಗು ಮತ್ತು ಕೈಗೆ. ನಾಲ್ಕೈದು ದಿನಕ್ಕೆ ಅಂಗೈ ಮೇಲಿಟ್ಟರೆ ಬೆಚ್ಚಗೆ ತಾಗಬೇಕು. ತಾಗಿದರೆ ಒಳಗೆ ಕೆಲಸ ನಡೆದಿದೆ ಎಂದು ಅರ್ಥ. ಹುಳಿ ನಾತ ಬಂದರೆ ನೀರು ಹೆಚ್ಚಾಗಿದೆ, ಒಣ ಎಲೆ ಹಾಕಿ ಕೆದಕಬೇಕು. ಹಿಂಡಿದರೆ ಬೆರಳ ಸಂದಿಯಲ್ಲಿ ನೀರಿಳಿಯಬಾರದು, ಮುದ್ದೆ ಮಾತ್ರ ನಿಲ್ಲಬೇಕು. ಕೊನೆಗೆ ಮೊದಲ ಮಳೆ ಬಿದ್ದ ನೆಲದ ವಾಸನೆ ಬರುತ್ತದೆ. ಅಲ್ಲಿಗೆ ಮುಗಿಯಿತು. ಮಾಗಡಿ ರಸ್ತೆಯಾಚೆಯ ಸೀಗೆಹಳ್ಳಿ, ಕನ್ನಹಳ್ಳಿ, ಬನಶಂಕರಿ ಆರನೇ ಹಂತದ ಬಳಿಯ ಲಿಂಗಧೀರನಹಳ್ಳಿಯ ಸಂಸ್ಕರಣ ಘಟಕಗಳ ಸುತ್ತಲಿನವರು ದುರ್ನಾತಕ್ಕಾಗಿ ಬೀದಿಗಿಳಿದದ್ದನ್ನು ಪತ್ರಿಕೆಯಲ್ಲಿ ಓದಿದ್ದೇವೆ. ನಮ್ಮ ಮನೆಯ ವಾಸನೆಯನ್ನು ನಾವು ಆಟೋ ಹತ್ತಿಸಿ ಅವರ ಮನೆಗೆ ಕಳಿಸುತ್ತೇವೆ, ಅಷ್ಟೆ.

ಮನೆ ಖಾಲಿ ಮಾಡುವ ಕಲೆಗೂ ಈಗ ಪುಸ್ತಕಗಳಿವೆ. ಜಪಾನಿನ ಮಾರಿ ಕೊಂಡೊ ಎಂಬಾಕೆ, ವಸ್ತುವನ್ನು ಕೈಗೆತ್ತಿಕೊಂಡು ಇದು ಸಂತೋಷ ಕೊಡುತ್ತದೆಯೇ ಎಂದು ಕೇಳಿಕೊಳ್ಳಿ, ಇಲ್ಲವಾದರೆ ಬಿಡಿ ಎನ್ನುತ್ತಾರೆ. ನಾನು ಕೇಳಿಕೊಳ್ಳುವುದು ಬೇರೆ: ಇದು ನನ್ನ ಕಣ್ಣಿಗೆ ಅಡ್ಡ ಬರುತ್ತದೆಯೇ? ಕೇಳುವವರಿಗೆ ಬೆನ್ನ ಹಿಂದಿನ ಸುದ್ದಿಯನ್ನು ಕಿವಿ ತಂದುಕೊಡುತ್ತದೆ. ನಮಗೆ ಕಂಡದ್ದಷ್ಟೇ ಸುದ್ದಿ. ಅಮೆರಿಕದ ವಾಷಿಂಗ್ಟನ್‌ನಲ್ಲಿ 1864ರಲ್ಲಿ ಕಾಲೇಜಾಗಿ ಆರಂಭವಾದ, ಕಿವುಡರಿಗಾಗಿಯೇ ಇರುವ ಗ್ಯಾಲಡೆಟ್ ವಿಶ್ವವಿದ್ಯಾಲಯದವರು 2005ರಿಂದೀಚೆಗೆ ಹ್ಯಾನ್ಸೆಲ್ ಬೌಮನ್ ಎಂಬ ವಾಸ್ತುಶಿಲ್ಪಿಯ ಜೊತೆ ಇದನ್ನೇ ಕೂತು ಯೋಚಿಸಿದ್ದಾರೆ. ಕಿವುಡರ ಕಟ್ಟಡದಲ್ಲಿ ಓಣಿ ಅಗಲವಾಗಿರಬೇಕು, ಮೂಲೆಗಳು ಎದುರಿಗೆ ಬರುವವರನ್ನು ಮರೆಮಾಡಬಾರದು, ಗೋಡೆಯ ಬಣ್ಣ ಸನ್ನೆ ಮಾಡುವ ಕೈಗಿಂತ ಬೇರೆಯಾಗಿ ಕಾಣಬೇಕು ಎಂದೆಲ್ಲ. ಓದುತ್ತಾ ತಲೆಯೆತ್ತಿ ನೋಡಿದರೆ ನನ್ನ ಕಣ್ಣಿಗೂ ಗೇಟಿಗೂ ನಡುವೆ ನಿಂತಿದ್ದದ್ದು ನಡುಮನೆಯ ಶೋಕೇಸ್!

ಈ ಕಡೆಯ ಹಳೇ ಮನೆಗಳಲ್ಲಿ ಶೋಕೇಸಿಲ್ಲದ ನಡುಮನೆ ಅಪರೂಪ. ನಮ್ಮದರಲ್ಲಿ ದಸರೆ ಬೊಂಬೆ, ಉಪಯೋಗಿಸದ ಗಾಜಿನ ಲೋಟದ ಸೆಟ್ಟುಗಳು, ಪ್ಲಾಸ್ಟಿಕ್ ಹೂವು, ಕೆಟ್ಟ ಟೇಪ್‌ರೆಕಾರ್ಡರು, ಅಮ್ಮನ ಅರವತ್ತು ಚಿಲ್ಲರೆ ಕ್ಯಾಸೆಟ್‌ಗಳು. ಬೊಂಬೆ ಅಟ್ಟಕ್ಕೆ ಹೋಯಿತು. ಲೋಟಗಳು ಮದುವೆಯಾಗಿ ಕೆಂಗೇರಿಯಲ್ಲಿ ಮನೆ ಹೂಡಿದ ತಂಗಿಯ ಮಗಳಿಗೆ. ರದ್ದಿಯನ್ನು ನಾನೇ ವಿಜಯನಗರದ ಅಂಗಡಿಗೆ ಒಯ್ದೆ. ಚೌಕಾಸಿ ನಮಗೆ ಕಷ್ಟದ ಬಾಬತ್ತು. ಪ, ಬ, ಮ ಮೂರೂ ತುಟಿಯ ಮೇಲೆ ಒಂದೇ ಥರ ಕಾಣುತ್ತವೆ, ಬಾಯಲ್ಲಿ ಎಲೆಯಡಿಕೆ ಇದ್ದರೆ ದೇವರೇ ಗತಿ. ಆದರೆ ಈಗಿನ ಎಲೆಕ್ಟ್ರಾನಿಕ್ ತಕ್ಕಡಿ ತೂಕವನ್ನು ಅಂಕೆಯಲ್ಲಿ ತೋರಿಸುತ್ತದೆ, ದರವನ್ನು ಮೊಬೈಲಿನಲ್ಲಿ ಬರೆದು ತೋರಿಸಬಹುದು. ಆ ತಕ್ಕಡಿ ಕಂಡುಹಿಡಿದವನಿಗೆ ಪುಣ್ಯ ಬರಲಿ.

ಕ್ಯಾಸೆಟ್‌ಗಳ ಮುಂದೆ ಬಹಳ ಹೊತ್ತು ಕೂತೆ. ಭಾವಗೀತೆ, ದಾಸರ ಪದ. ಅವುಗಳಲ್ಲಿ ಒಂದನ್ನೂ ನಾನು ಕೇಳಿಲ್ಲ. ಅವನ್ನು ಹಾಕಿದಾಗ ಅಮ್ಮನ ಮುಖ ಹೇಗಾಗುತ್ತಿತ್ತು ಎಂಬುದು ಮಾತ್ರ ಗೊತ್ತು. ಮೇಲಿನ ಮನೆಯ ಅಜ್ಜಿಯ ಟೇಪ್‌ರೆಕಾರ್ಡರು ಇನ್ನೂ ಓಡುತ್ತದೆ. ಎಲ್ಲವನ್ನೂ ಅವರಿಗೇ ಕೊಟ್ಟೆ. ಅಮ್ಮ ನೀಲಿ ಶಾಯಿಯಲ್ಲಿ ಹಾಡುಗಳ ಪಟ್ಟಿ ಬರೆದಿದ್ದ ಒಂದನ್ನು ಉಳಿಸಿಕೊಂಡಿದ್ದೇನೆ. ಅದು ಕಣ್ಣಿಗೆ ಅಡ್ಡ ಬರುವುದಿಲ್ಲ.

ಶೋಕೇಸಿನ ಹಲಗೆಯಿಂದ ಬಡಗಿ ಎರಡು ಬೆಂಚು ಮಾಡಿಕೊಟ್ಟ. ಈಗ ಒಲೆಯ ಮುಂದೆ ನಿಂತರೆ ಗೇಟು ಕಾಣುತ್ತದೆ. ಒಲೆಯ ಕಡೆ ತಿರುಗಿದ್ದಾಗಲೂ ಕಾಣಲೆಂದು ಹಳೇ ಕನ್ನಡಿಯೊಂದನ್ನು ಗೋಡೆಗೆ ಹೊಡೆಸಿದ್ದೇನೆ.

ನೀರಿನ ಕಥೆಯೂ ಇದೇ. ಕಾವೇರಿ ನಮ್ಮ ನಲ್ಲಿಗೆ ಬರುವುದು ತೊರೆಕಾಡನಹಳ್ಳಿಯಿಂದ, ಸುಮಾರು ನೂರು ಕಿಲೋಮೀಟರ್ ಪಂಪಿನ ಬಲದಿಂದ. 2024ರ ಬೇಸಿಗೆಯಲ್ಲಿ ಕುಡಿಯುವ ನೀರಲ್ಲಿ ಕಾರು ತೊಳೆದರೆ ಐದು ಸಾವಿರ ದಂಡ ಎಂದು ಸಾರಿದ್ದರು. ತೊಟ್ಟಿಕ್ಕುವ ನಲ್ಲಿ ಕೇಳುವವರ ನಿದ್ದೆ ಕೆಡಿಸುತ್ತದೆ, ಆದ್ದರಿಂದ ಬೇಗ ರಿಪೇರಿಯಾಗುತ್ತದೆ. ನನ್ನ ನಿದ್ದೆಗೆ ಏನೂ ಆಗುವುದಿಲ್ಲ. ಅದಕ್ಕೇ ರಾತ್ರಿ ಪ್ರತಿ ನಲ್ಲಿಯ ಕೆಳಗೆ ಒಂದು ಒಣ ಲೋಟ ಇಟ್ಟು ಮಲಗುತ್ತೇನೆ. ಬೆಳಿಗ್ಗೆ ತಳ ಒದ್ದೆಯಾಗಿದ್ದರೆ ವಾಷರು ಹೋಗಿದೆ ಎಂದರ್ಥ. ಮೇಲಿನ ಟ್ಯಾಂಕ್ ತುಂಬಿದೊಡನೆ ಮೋಟಾರು ತಾನೇ ನಿಲ್ಲುವ ಸಾಧನ ಬೇರೆಯವರಿಗೆ ಸೌಕರ್ಯ, ಸುರಿಯುವ ಸದ್ದು ಕೇಳಿಸದವರಿಗೆ ಅವಶ್ಯಕತೆ. ಕುಕ್ಕರಿನ ಕೂಗು ಎಣಿಸುವ ವಿದ್ಯೆಯೂ ನನಗಿಲ್ಲ. ಬೇಳೆ ನೆನೆಹಾಕಿ, ಆವಿ ಕಂಡೊಡನೆ ಉರಿ ತಗ್ಗಿಸಿ, ಗಡಿಯಾರ ನೋಡುತ್ತೇನೆ. ಗ್ಯಾಸು ಉಳಿಯುತ್ತದೆ.

ಎಲ್ಲವೂ ಉಳಿಯುವುದಿಲ್ಲ. ನನ್ನ ಕಿವಿಯಂತ್ರದ ಸೆಲ್ಲು ತೊಗರಿಕಾಳಿಗಿಂತ ತುಸು ದೊಡ್ಡದು. ಮೇಲಿನ ಕಂದು ಅಂಟುಕಾಗದ ಕಿತ್ತರೆ ಸಣ್ಣ ರಂಧ್ರಗಳಿಂದ ಗಾಳಿ ಒಳಹೊಕ್ಕು ಒಳಗಿನ ಸತುವಿನೊಡನೆ ಸೇರಿ ಕರೆಂಟು ಹುಟ್ಟುತ್ತದೆ. ಒಮ್ಮೆ ಕಿತ್ತ ಮೇಲೆ ಯಂತ್ರ ಹಾಕಿಕೊಳ್ಳಲಿ ಬಿಡಲಿ, ಸೆಲ್ಲು ಸವೆಯುತ್ತಲೇ ಇರುತ್ತದೆ. ವಾರಕ್ಕೊಂದರಂತೆ ಎರಡು ಕಿವಿಗೆ ವರ್ಷಕ್ಕೆ 104. ಹಳೆಯವುಗಳಲ್ಲಿ ಅಷ್ಟಿಷ್ಟು ಪಾದರಸವೂ ಇರುತ್ತಿತ್ತು. ಚಾರ್ಜು ಮಾಡುವ ಯಂತ್ರಗಳು ಬಂದಿವೆ. ಬೆಲೆ ಹೆಚ್ಚು, ಕೆಲವು ವರ್ಷಕ್ಕೆ ಅವುಗಳ ಬ್ಯಾಟರಿಯೂ ದಣಿಯುತ್ತದೆ. ಕಸವೇ ಇಲ್ಲದೆ ಬದುಕಿ ಎಂದು ಉಪದೇಶಿಸುವವರು ನನ್ನ ಸೆಲ್ಲಿನ ಡಬ್ಬಿ ನೋಡಿ ಹುಬ್ಬು ಗಂಟಿಕ್ಕಿದರೆ ನಾನೇನೂ ನಾಚುವುದಿಲ್ಲ. ಬಳಸಿದ ಸೆಲ್ಲನ್ನು ಮಾಮೂಲಿ ಕಸಕ್ಕೆ ಹಾಕದೆ ಡಬ್ಬಿಯಲ್ಲಿ ಕೂಡಿಟ್ಟು, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ವರ್ಷಕ್ಕೊಮ್ಮೆ ಮುಟ್ಟಿಸುತ್ತೇನೆ. ಡಬ್ಬಿ ಮಕ್ಕಳ ಕೈಗೆ ಸಿಗಬಾರದು. ನುಂಗಿದರೆ ಜೀವಕ್ಕೇ ಅಪಾಯ. ಷೂ ಡಬ್ಬದಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನೂ ನಾನು ಎಸೆಯುವುದಿಲ್ಲ, ಮಳೆಗಾಲದ ರಾತ್ರಿ ಅವು ಯಂತ್ರದ ತೇವ ಹೀರುತ್ತವೆ.

ಇನ್ನೊಂದು ಕಪಾಟಿಗೂ ಕೈ ಹಚ್ಚಿಲ್ಲ. ಅದರಲ್ಲಿ ಚಿಕ್ಕಂದಿನಲ್ಲಿ ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ತೆಗೆದ ಮೊದಲ ಆಡಿಯೋಗ್ರಾಂನಿಂದ ಹಿಡಿದು ಎಲ್ಲ ಪರೀಕ್ಷೆ, ಪ್ರಮಾಣಪತ್ರ, ಅವುಗಳ ಜೆರಾಕ್ಸಿನ ಜೆರಾಕ್ಸು ಇವೆ. ಎಲ್ಲವನ್ನೂ ಮೊಬೈಲಿಗೆ ಹಾಕಿ ಕಾಗದ ಬಿಸಾಡಿ ಎನ್ನುವವರು ಅಂಗವಿಕಲರ ಕೌಂಟರಿನ ಮುಂದೆ ನಿಂತು ‘ಒರಿಜಿನಲ್ ಎಲ್ಲಿ?’ ಎಂಬ ಪ್ರಶ್ನೆಯನ್ನು ಎದುರಿಸಿದವರಲ್ಲ.

ಹಾಗಾದರೆ ಬೀದಿ ಏನು ಮಾಡಬೇಕು? ದೊಡ್ಡದೇನೂ ಅಲ್ಲ. ಧ್ವನಿವರ್ಧಕ ಕಟ್ಟಿದ ಆಟೋಗೆ ಮಿನುಗುವ ಒಂದು ದೀಪ. ಅಡ್ಡರಸ್ತೆಯ ತುದಿಯಲ್ಲಿ ‘ಈ ಬೀದಿಗೆ ಇಷ್ಟು ಗಂಟೆಗೆ’ ಎಂಬ ಹಲಗೆ, ಆ ಗಂಟೆಗೆ ಸರಿಯಾಗಿ ಬರುವ ಆಟೋ. ಬೇಕೆಂದವರ ಮೊಬೈಲಿಗೆ ಒಂದು ಸಾಲಿನ ಸಂದೇಶ. 2011ರ ಜನಗಣತಿಯಲ್ಲಿ ಕಿವಿ ಕೇಳದವರೆಂದು ಬರೆಸಿದವರೇ ದೇಶದಲ್ಲಿ 50 ಲಕ್ಷಕ್ಕೂ ಹೆಚ್ಚು. ವಯಸ್ಸಾಗಿ ಕಿವಿ ಮಂದವಾದವರು, ರಾತ್ರಿ ಪಾಳಿ ಮುಗಿಸಿ ಮಲಗಿದವರು, ಮೂರನೇ ಮಹಡಿಯವರಿಗೂ ಇದರಿಂದ ಅನುಕೂಲವೇ. ಒಂದಿದ್ದ ಮಹಾನಗರ ಪಾಲಿಕೆ 2025ರ ಸೆಪ್ಟೆಂಬರ್‌ನಲ್ಲಿ ಐದಾಯಿತು. ಐದರಲ್ಲಿ ಒಂದಾದರೂ ಒಂದು ವಾರ್ಡಿನಲ್ಲಿ ಮಾಡಿ ನೋಡಲಿ.

ಅಲ್ಲಿಯವರೆಗೆ ನನ್ನದೊಂದು ಏರ್ಪಾಡಿದೆ. ಗೇಟಿನ ಕಂಬಕ್ಕೆ ಒಂದು ಸ್ವಿಚ್ಚು, ಅದನ್ನು ಒತ್ತಿದರೆ ಅಡುಗೆಮನೆಯಲ್ಲೂ ನಡುಮನೆಯಲ್ಲೂ ಕೆಂಪು ಬಲ್ಬು ಉರಿಯುತ್ತದೆ. ಒಣ ಕಸದ ದಿನ ನಮ್ಮ ಬೀದಿಯ ಪೌರಕಾರ್ಮಿಕ ಅಕ್ಕ ಮರೆಯದೆ ಒತ್ತುತ್ತಾರೆ. ಮರುದಿನ ರಜೆಯಿದ್ದರೆ ಎರಡೂ ಕೈಯಲ್ಲಿ ಸ್ಟೀರಿಂಗ್ ತಿರುಗಿಸಿದಂತೆ ಮಾಡಿ, ಆಮೇಲೆ ಅಂಗೈ ಅಲ್ಲಾಡಿಸುತ್ತಾರೆ: ನಾಳೆ ಆಟೋ ಇಲ್ಲ. ಈ ಸನ್ನೆಯನ್ನು ಯಾರೂ ಅವರಿಗೆ ಕಲಿಸಿದ್ದಲ್ಲ. ಮೇಲಿನ ಮನೆಯ ಅಜ್ಜಿ ಈಚೆಗೆ ಆ ಕ್ಯಾಸೆಟ್‌ಗಳನ್ನು ಎಷ್ಟು ಜೋರಾಗಿ ಹಾಕುತ್ತಾರೆಂದರೆ ಎದುರು ಮನೆಯವರು ನನ್ನ ಬಳಿ ಬಂದು ದೂರಿದ್ದಾರೆ. ನನ್ನ ಬಳಿ! ಮೊನ್ನೆ ಅಜ್ಜಿ ಇಳಿದು ಬಂದು ನನ್ನ ಬಲ್ಬನ್ನು ಸ್ವಲ್ಪ ಹೊತ್ತು ನೋಡಿ, ‘ಇದರಿಂದ ನಮ್ಮನೆಗೂ ಒಂದು ವೈರು ಎಳೆಸಿಬಿಡಮ್ಮ’ ಎಂದರು. ಎಲೆಕ್ಟ್ರಿಷಿಯನ್ ಭಾನುವಾರ ಬರುತ್ತಾನೆ.